ಶೇಂಗಾ ಮಿಲ್ಲಿಗೆ ಹುರುಪು ತುಂಬಿದ್ದು

ಆಳುಗಳಿಗೆ ಹುರುಪು ತುಂಬಿ ಕೆಲಸ ತೆಗೆಯುವುದು ಹೇಗೆ ಎಂಬುದನ್ನು ನಾನು ದಾವಣಗೆರೆಯ ಒಂದು ಹೋಟೆಲಿನ ಮಹಡಿಯಲ್ಲಿ, ಮೂರು ದಿನ, ಎರಡು ಹೊತ್ತಿನ ಊಟದ ಸಮೇತ ಕಲಿತವನು. ಅದಕ್ಕೆ ಸರ್ಟಿಫಿಕೇಟೂ ಕೊಟ್ಟರು. ಮುಂದೆ ಕೊಟ್ಟೂರಿನ ಶೇಂಗಾ ಮಿಲ್ಲಿನಲ್ಲಿ ಆ ಸರ್ಟಿಫಿಕೇಟಿಗೆ ಆದ ಗತಿಯನ್ನು ನಾನೇ ಹೇಳಿಬಿಡುವುದು ವಾಸಿ. ಬೇರೆಯವರು ಹೇಳಿದರೆ ಇನ್ನೂ ನಾಲ್ಕು ಸೇರಿಸಿ ಹೇಳುತ್ತಾರೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬಿ.ಕಾಂ. ಪಾಸಾಗಿ ಹರಪನಹಳ್ಳಿಯ ಮನೆಯಲ್ಲಿ ಎರಡು ವರ್ಷ ಪೇಪರು ಓದುತ್ತಾ ಕೂತಿದ್ದೆ. ಓದಿದ ಪೇಪರನ್ನೇ ಮಧ್ಯಾಹ್ನ ಮತ್ತೆ ಓದುವುದನ್ನು ಕಂಡು ಅಪ್ಪನಿಗೆ ತಲೆ ಕೆಟ್ಟಿತು. ಕೊಟ್ಟೂರಿನಲ್ಲಿ ಶೇಂಗಾ ಮಿಲ್ಲು ಇಟ್ಟಿದ್ದ ತನ್ನ ಗೆಳೆಯನ ಮುಂದೆ ನನ್ನನ್ನು ಒಯ್ದು ನಿಲ್ಲಿಸಿದ. ಸಾವ್ಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಂಗ್ಲೀಷಿನಾಗ ಕಾಗದ ಬರೀತೀಯೇನು?" ಅಂದರು. ಬರೆಯುತ್ತೇನೆ ಅಂದೆ. "ಹಂಗಾದ್ರ ನೀನ ಮ್ಯಾನೇಜರ್" ಅಂದರು. ನನ್ನ ಜೀವನದಲ್ಲಿ ಅಷ್ಟು ಚಿಕ್ಕ ಸಂದರ್ಶನ ಮತ್ತೆಂದೂ ಆಗಲಿಲ್ಲ.

ಮಿಲ್ಲೆಂದರೆ ಸ್ಟೇಷನ್ನಿನ ಹಿಂದಿನ ಒಂದು ತಗಡಿನ ಶೆಡ್ಡು. ಕೂಡ್ಲಿಗಿ, ಹೊಸಹಳ್ಳಿ ಕಡೆಯಿಂದ ಚೀಲಗಟ್ಟಲೆ ಬರುವ ಶೇಂಗಾವನ್ನು ಮಿಷನ್ನು ಗಡಗಡ ಒಡೆಯುತ್ತಿತ್ತು. ಒಡೆದ ಬೀಜದ ಜೊತೆ ಕಲ್ಲು, ಮಣ್ಣು, ಹುಳುಕು, ಜೊಳ್ಳು ಎಲ್ಲಾ ಬೆರೆತು ಬರುತ್ತಿದ್ದವು. ಅದನ್ನು ಹಸನು ಮಾಡಲು ಹದಿನಾರು ಮಂದಿ ಹೆಣ್ಣುಮಕ್ಕಳು ಗೋಡೆಗುಂಟ ಸಾಲಾಗಿ ಕೂರುತ್ತಿದ್ದರು. ಮೊರದಲ್ಲಿ ಕೇರಿ, ಬೆರಳಲ್ಲಿ ಆರಿಸಿ, ಒಳ್ಳೆಯ ಬೀಜವನ್ನು ಪಕ್ಕದಲ್ಲಿಟ್ಟ ಎಣ್ಣೆ ಡಬ್ಬಕ್ಕೆ ತುಂಬುವುದು ಅವರ ಕೆಲಸ. ದಿನಕ್ಕೆ ತಲೆಗೆ ನಾಲ್ಕು ಡಬ್ಬ ಅಂತ ರೂಢಿ.

ಸಾವ್ಕಾರರ ಆಡಳಿತ ಬಲು ಸರಳ. ಬೆಳಿಗ್ಗೆ ಹತ್ತಕ್ಕೆ ಬಾಗಿಲಲ್ಲಿ ನಿಂತು ಒಮ್ಮೆ ಬೈಯುವುದು, ಮಧ್ಯಾಹ್ನ ನಾಲ್ಕಕ್ಕೆ ಇನ್ನೊಮ್ಮೆ. ಬೈಗುಳ ಇಂಥವರಿಗೇ ಅಂತ ಇರಲಿಲ್ಲ, ಇಡೀ ಶೆಡ್ಡಿಗೆ ಸೇರಿಸಿ ಬೈಯುತ್ತಿದ್ದರು. ಆ ಹೊತ್ತಿಗೆ ಹೆಣ್ಣುಮಕ್ಕಳು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಬೈದು ಮುಗಿದ ಮೇಲೆ ಸಾಲಿನ ಮೊದಲಿಗೆ ಕೂರುವ ಗಟ್ಟಿಗಿತ್ತಿಯೊಬ್ಬಳು, "ಆತೇನ್ರಿ ಸಾವ್ಕಾರ್ರ? ಒಂದೀಟು ನೀರು ಕುಡೀರಿ" ಅನ್ನುತ್ತಿದ್ದಳು. ಅವರೂ ಕುಡಿದು ಹೋಗುತ್ತಿದ್ದರು. ಆಕೆ ಎದ್ದರೆ ಹದಿನಾರೂ ಏಳುತ್ತವೆ, ಆಕೆ ಕೂತರೆ ಹದಿನಾರೂ ಕೂರುತ್ತವೆ ಎಂಬುದು ಸಾವ್ಕಾರರಿಗೂ ಗೊತ್ತಿತ್ತು.

ಸಾಲಿನ ಕಟ್ಟಕಡೆಗೆ, ಬಾಗಿಲ ಬೆಳಕಿನಲ್ಲಿ, ಒಬ್ಬ ಮುದುಕಿ ಕೂರುತ್ತಿದ್ದಳು. ಮಿಲ್ಲು ಶುರುವಾದ ದಿನದಿಂದ ಇದ್ದವಳು. ಎರಡೂ ಕಣ್ಣಿಗೆ ಪೊರೆ ಬಂದು, ಬೀಜವನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಆರಿಸುತ್ತಿದ್ದಳು. ಸಾವ್ಕಾರರು ನನ್ನನ್ನು ಮೂಲೆಗೆ ಕರೆದು ಹೇಳಿದ್ದರು: "ತಮ್ಮಾ, ಆಕಿಗೆ ಕಣ್ಣು ಕಾಣಂಗಿಲ್ಲ. ಬಿಡಸಬೇಕು. ನನ್ನ ಬಾಯಿಂದ ಆ ಮಾತು ಬರಂಗಿಲ್ಲ. ನೀನು ಓದಿದಾಂವ, ನೀನ ಹೇಳಿಬಿಡು."

ಹೇಳಲೆಂದೇ ಒಂದು ದಿನ ಹೋದೆ. ಹೋಗಿ, "ಅಜ್ಜಿ, ಮನ್ಯಾಗ ಮಗ, ಸೊಸಿ ಚಂದಾಗಿ ನೋಡ್ಕೊಂತಾರಂತಲ್ಲ? ಯಾಕ ತ್ರಾಸು ತಗೊಂತಿ?" ಅಂದೆ. ಮುದುಕಿ ಮೊರ ನಿಲ್ಲಿಸದೆ, "ನೋಡ್ಕೊಂತಾರಪ್ಪ, ಸುಳ್ಳ್ಯಾಕ ಹೇಳ್ಲಿ. ಮೂಲ್ಯಾಗ ಕುಂದ್ರಿಸಿ ಹೊತ್ತಿಗೆ ಸರಿಯಾಗಿ ಊಟಾ ಕೊಡ್ತಾರ. ಇಲ್ಲಿ ಆದ್ರ ಮಂದ್ಯಾಗ ಇರ್ತೀನಿ" ಅಂದಳು. ನಾನು ಬಂದ ದಾರಿಗೆ ಸುಂಕವಿಲ್ಲದೆ ತಿರುಗಿ ಬಂದು ಕುರ್ಚಿಯಲ್ಲಿ ಕೂತೆ.

ಇಂಥ ಹೊತ್ತಿನಲ್ಲಿ ದಾವಣಗೆರೆಯ ತರಬೇತಿಯ ಕಾಗದ ಬಂತು. ಸಣ್ಣ ಕೈಗಾರಿಕೆಯ ಮಾಲೀಕರು ಬರಬೇಕೆಂದು ಬರೆದಿತ್ತು. ಸಾವ್ಕಾರರು, "ಈ ವಯಸ್ಸಿನಾಗ ಕರಿ ಹಲಗಿ ಮುಂದ ನಾ ಕುಂದ್ರಂಗಿಲ್ಲ. ನೀ ಹೋಗು, ಊಟ ಪುಕ್ಕಟೆ ಐತಂತ" ಎಂದು ನನ್ನನ್ನು ಬಸ್ಸು ಹತ್ತಿಸಿದರು.

ಪಾಠ ಮಾಡಿದವರು ಮೈಸೂರು ಕಡೆಯ ಒಬ್ಬ ಉಪನ್ಯಾಸಕರು. ಬೆಳ್ಳಗೆ, ತೆಳ್ಳಗೆ, ಮಾತೆಂದರೆ ಅಚ್ಚು ಹಾಕಿದ ಪುಸ್ತಕ. ಮೊದಲ ದಿನ ಹಲಗೆಯ ಮೇಲೆ ಐದು ಮೆಟ್ಟಿಲು ಬರೆದರು. ಮನುಷ್ಯನ ಆಸೆಗಳು ಹೀಗೆ ಒಂದರ ಮೇಲೊಂದು ಇರುತ್ತವಂತೆ. ಕೆಳಗೆ ಅನ್ನ ನೀರು, ಆಮೇಲೆ ಭದ್ರತೆ, ಆಮೇಲೆ ನಾಲ್ಕು ಜನರ ಪ್ರೀತಿ, ಆಮೇಲೆ ಮರ್ಯಾದೆ, ತುತ್ತತುದಿಗೆ ತಾನು ಏನಾಗಬಲ್ಲನೋ ಅದೆಲ್ಲಾ ಆಗುವ ಆಸೆ. ಕೆಳಗಿನದು ತುಂಬದೆ ಮೇಲಿನದಕ್ಕೆ ಯಾರೂ ಕಾಲಿಡುವುದಿಲ್ಲವಂತೆ. ಹಗರಿಬೊಮ್ಮನಹಳ್ಳಿಯಿಂದ ಬಂದಿದ್ದ ಅಕ್ಕಿ ಗಿರಣಿಯವನೊಬ್ಬ ಎದ್ದು, "ಸಾರ್, ನಮ್ಮ ಕಡೆ ಒಂದನೇ ಮೆಟ್ಟಿಲ ಮ್ಯಾಲ ನಿಂತು ನಾಲ್ಕನೇದಕ್ಕ ಜಗಳ ತಗಿಯೋರು ಭಾಳ ಮಂದಿ ಅದಾರ. ಅವರಿಗೇನು ಮಾಡೂದು?" ಅಂದ. ಉಪನ್ಯಾಸಕರು, "ಬಹಳ ಒಳ್ಳೆಯ ಪ್ರಶ್ನೆ" ಎಂದು ಊಟಕ್ಕೆ ಬಿಟ್ಟರು.

ಎರಡನೆಯ ದಿನ ಯಜಮಾನರಲ್ಲಿ ಎರಡು ಜಾತಿ ಎಂದು ತಿಳಿಯಿತು. ಆಳು ಹುಟ್ಟಾ ಸೋಮಾರಿ ಎಂದು ನಂಬಿದವರು, ಆಳಿಗೆ ಕೆಲಸವೆಂದರೆ ಆಟದಷ್ಟೇ ಇಷ್ಟ ಎಂದು ನಂಬಿದವರು. ನಾನು ಎರಡನೆಯ ಜಾತಿಗೆ ಸೇರಿದೆ. ಸೇರಲು ಖರ್ಚೇನೂ ಇರಲಿಲ್ಲ. ಮೂರನೆಯ ದಿನದ ಪಾಠ ನನ್ನ ತಲೆಗೆ ಹತ್ತಿತು. ಫ್ಯಾನು, ಕುಡಿಯುವ ನೀರು, ಪಗಾರ ಇವೆಲ್ಲಾ ಗೊಣಗಾಟವನ್ನು ನಿಲ್ಲಿಸಬಹುದೇ ಹೊರತು ಹುರುಪು ತರುವುದಿಲ್ಲ. ಹುರುಪು ಬರುವುದು ಹೊಗಳಿಕೆಯಿಂದ, ಹತ್ತು ಜನರ ಮುಂದೆ ಗುರುತಿಸುವುದರಿಂದ. ಕಡೆಗೆ ಒಂದು ಕತ್ತೆಯ ಚಿತ್ರ ತೋರಿಸಿದರು. ಮುಂದೆ ಗಜ್ಜರಿ, ಹಿಂದೆ ಬಡಿಗೆ. ಆ ಕತ್ತೆ ಗಜ್ಜರಿಯನ್ನು ನೋಡದೆ ನೆಟ್ಟಗೆ ನನ್ನನ್ನೇ ನೋಡುತ್ತಿತ್ತು. ಆಗ ಅದರ ಅರ್ಥ ತಿಳಿಯಲಿಲ್ಲ.

ತಲೆಗೆ ಎರಡು ಕೊಂಬು ಮೂಡಿಸಿಕೊಂಡು ಕೊಟ್ಟೂರಿಗೆ ಬಂದೆ.

ಮೊದಲು ಮೆಟ್ಟಿಲಿನ ಪಾಠವನ್ನು ಹಿಡಿದೆ. ಯಾರು ಯಾವ ಮೆಟ್ಟಿಲಲ್ಲಿದ್ದಾರೆಂದು ತಿಳಿಯಲು ನೋಟ್‌ಬುಕ್ಕು ಹಿಡಿದು ಒಬ್ಬೊಬ್ಬರ ಮುಂದೆಯೂ ಕುಕ್ಕರಗಾಲಲ್ಲಿ ಕೂತೆ. "ನಿಮಗೇನು ಬೇಕು?" ಎಂದು ಕೇಳಿದ್ದಕ್ಕೆ ಮೊದಲನೆಯ ಗಟ್ಟಿಗಿತ್ತಿ, "ನೀವು ಒಂದೀಟು ಸರದು ಕುಂದ್ರಬೇಕು. ಬೆಳಕಿಗೆ ಅಡ್ಡ ಕುಂತೀರಿ" ಅಂದಳು. ಇನ್ನೊಬ್ಬಳು ತನ್ನ ಗಂಡನಿಗೆ ಕುಡಿತ ಬಿಡಿಸಿ ಕೊಡಿ ಅಂದಳು. ಅದು ಯಾವ ಮೆಟ್ಟಿಲೋ ನನಗೆ ತಿಳಿಯದೆ ಮೂರರಲ್ಲಿ ಬರೆದುಕೊಂಡೆ. ಮುದುಕಿಯ ಹತ್ತಿರ ನೇರವಾಗಿ ಐದನೆಯ ಮೆಟ್ಟಿಲನ್ನೇ ಕೇಳಿದೆ: "ಅಜ್ಜಿ, ಜೀವನದಾಗ ನೀ ಏನಾಗಬೇಕಂತ ಆಸಿ ಐತಿ?" ಆಕೆ ಬಹಳ ಹೊತ್ತು ವಿಚಾರ ಮಾಡಿ, "ಹೊತ್ತು ಮುಣಗೂದ್ರೊಳಗ ಈ ಚೀಲ ಮುಗದ್ರ ಸಾಕಪ್ಪ" ಅಂದಳು.

ಮೆಟ್ಟಿಲನ್ನು ಅಲ್ಲಿಗೇ ಬಿಟ್ಟು ಹೊಗಳಿಕೆಗೆ ಬಂದೆ. ಗೇಟಿನ ಪಕ್ಕ ಒಂದು ಕರಿ ಹಲಗೆ ತೂಗುಹಾಕಿಸಿದೆ. ವಾರದಲ್ಲಿ ಎಲ್ಲರಿಗಿಂತ ಹೆಚ್ಚು ಡಬ್ಬ ತುಂಬಿದವಳ ಹೆಸರನ್ನು ಅದರ ಮೇಲೆ ಬಣ್ಣದ ಸುಣ್ಣದಕಡ್ಡಿಯಲ್ಲಿ ಬರೆಯುವುದು, ಜೊತೆಗೊಂದು ಸ್ಟೀಲಿನ ಬೋಗುಣಿ. ಹೆಸರು ಅಂದ ಕೂಡಲೇ ಹದಿನಾರೂ ಮಂದಿ ತಿರುಗಿಬಿದ್ದರು. "ನಮ್ಮ ಹೆಸರು ಗೇಟಿಗೆ ಬರೀತೀರಾ? ಸ್ಟೇಷನ್ನಿಗೆ ಹೋಗೋ ಬರೋ ಗಂಡಸರೆಲ್ಲಾ ಓದಾಕ? ಬೋಗುಣಿ ಬ್ಯಾಡ, ಏನೂ ಬ್ಯಾಡ!" ಗುರುತಿಸುವ ಪಾಠಕ್ಕೆ ಮೊದಲ ದಿನವೇ ಮಂಗಳಾರತಿ. ಕಡೆಗೆ ಹೆಸರಿನ ಬದಲು ನಂಬರು ಬರೆಯುವುದೆಂದು ರಾಜಿಯಾಯಿತು. ಕೂರುವ ಸಾಲಿನ ಪ್ರಕಾರ ಗಟ್ಟಿಗಿತ್ತಿ ಒಂದನೇ ನಂಬರು, ಮುದುಕಿ ಹದಿನಾರನೇ ನಂಬರು.

ಸಾವ್ಕಾರರಿಗೆ ಯೋಜನೆಯನ್ನು ವಿವರಿಸಿದೆ. ಬೋಗುಣಿಯ ಮಾತು ಬಂದಾಗ ಮುಖ ಹುಳ್ಳಗೆ ಮಾಡಿಕೊಂಡು, "ಗೆದ್ದಾಕಿಗೆ ಬೋಗುಣಿ. ಸೋತಾಕಿಗೆ?" ಅಂದರು. ಕತ್ತೆಯ ಹಿಂದಿನ ಬಡಿಗೆ ನೆನಪಾಯಿತು. ಅದನ್ನೂ ವಿವರಿಸಿದೆ. ಸಾವ್ಕಾರರ ಮುಖ ಅರಳಿತು. "ಹಂಗಾದ್ರ ಹಿಂಗ ಮಾಡು. ಮೂರು ವಾರ ಬೆನ್ನಿಗೆ ಬೆನ್ನು ಕಡೀಕ್ ಬಂದಾಕಿನ್ನ ಬಿಡಿಸಿಬಿಡು. ಮುದುಕಿ ವಿಚಾರಾನೂ ತಾನ ಬಗಿಹರೀತೈತಿ. ನೀನೂ ಹೇಳೂದು ಬ್ಯಾಡ, ನಾನೂ ಹೇಳೂದು ಬ್ಯಾಡ."

ನಾನು ಒಪ್ಪಿದೆ. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ನ್ಯಾಯವಾಗಿದೆ ಅನ್ನಿಸಿತು, ಎಲ್ಲರಿಗೂ ಒಂದೇ ರೂಲು, ಒಂದೇ ಡಬ್ಬ.

ಮೊದಲ ವಾರ ನಾಲ್ಕನೇ ನಂಬರಿಗೆ ಬೋಗುಣಿ ಬಂತು. ಕಡೆಗೆ ಬಂದವಳು ಮುದುಕಿ. ಎರಡನೆಯ ವಾರ ಒಂಬತ್ತನೇ ನಂಬರಿಗೆ ಬೋಗುಣಿ. ಕಡೆಗೆ ಮತ್ತೆ ಮುದುಕಿ. ಸಾವ್ಕಾರರು ನನ್ನ ಕಡೆ ನೋಡಿ ಒಂದು ಬೆರಳೆತ್ತಿ ತೋರಿಸಿದರು, ಇನ್ನೊಂದೇ ವಾರ ಅಂತ. ಆ ವಾರವೂ ಮುದುಕಿ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಗೋಡೆ ತಡವರಿಸುತ್ತಾ ತನ್ನ ಜಾಗ ಹುಡುಕಿ, ಮೊರವನ್ನು ಸೆರಗಿನಿಂದ ಒರೆಸಿ ಕೂರುತ್ತಿದ್ದಳು. ಹಲಗೆಯ ಮೇಲೆ ಏನಿದೆಯೆಂದು ಆಕೆಗೆ ಕಾಣುತ್ತಿರಲಿಲ್ಲ. ನನಗೆ ಚೆನ್ನಾಗಿ ಕಾಣುತ್ತಿತ್ತು.

ಮೂರನೆಯ ವಾರ ಮುದುಕಿ ಕಡೆಗೆ ಬರಲಿಲ್ಲ. ಮೊದಲು ಬಂದಳು.

ನಾನು ಮೂರು ಸಲ ಎಣಿಸಿದೆ. ಹದಿನಾರನೇ ನಂಬರೇ. ಖುಷಿಗೆ ಕುಣಿಯುವುದೊಂದು ಬಾಕಿ. ಕಣ್ಣು ಕಾಣದ ಮುದುಕಿಗೆ ನನ್ನ ಯೋಜನೆ ಹರೆಯದ ಹುರುಪು ತಂದಿತ್ತು! ಬೋಗುಣಿಯನ್ನು ನಾನೇ ಆಕೆಯ ಕೈಗಿಟ್ಟೆ. ಆಕೆ ಅದನ್ನು ತಟ್ಟಿ ನೋಡಿ, "ಗಟ್ಟಿ ಐತಿ" ಅಂದಳು. ಸಾವ್ಕಾರರು ಎಂದಿನಂತೆ ಬೈಯಲು ಹೋದರು.

ಅಲ್ಲಿಂದ ಮುಂದೆ ಯೋಜನೆ ಬಂಗಾರದಂತೆ ನಡೆಯಿತು. ಪ್ರತಿ ವಾರ ಹೊಸ ನಂಬರಿಗೆ ಬೋಗುಣಿ, ಪ್ರತಿ ವಾರ ಹೊಸ ನಂಬರು ಕಡೆಗೆ. ಒಬ್ಬಳೂ ಎರಡು ವಾರ ಬೆನ್ನಿಗೆ ಬೆನ್ನು ಕಡೆಗೆ ಬರಲಿಲ್ಲ. ನಾನು ಗೆರೆ ಎಳೆದು ನಕ್ಷೆ ಬರೆದೆ. ಅದರಲ್ಲಿ ಎಲ್ಲರ ಗೆರೆಯೂ ಒಂದು ಸಲ ಏರುತ್ತಿತ್ತು, ಒಂದು ಸಲ ಇಳಿಯುತ್ತಿತ್ತು. ನೋಡಲು ರಂಗೋಲಿಯ ಹಾಗೆ ಅಂದವಾಗಿತ್ತು. ಆ ನಕ್ಷೆಯ ಜೊತೆ, ಅಂಧ ವೃದ್ಧೆಯಲ್ಲಿ ಉಂಟಾದ ಪರಿವರ್ತನೆ ಎಂದು ನಾಲ್ಕು ಪುಟ ಬರೆದು ಉಪನ್ಯಾಸಕರಿಗೆ ಕಳಿಸಿದೆ. ಎಂಟೇ ದಿನಕ್ಕೆ ಉತ್ತರ ಬಂತು. ಇದು ಅಪರೂಪದ ಪ್ರಯೋಗ, ತರಬೇತಿಗೆ ಬಂದಿದ್ದ ಏಳೆಂಟು ಮಂದಿಯನ್ನು ಕರೆದುಕೊಂಡು ಬರುವ ಶನಿವಾರ ಕಣ್ಣಾರೆ ನೋಡಲು ಬರುತ್ತೇನೆ ಎಂದು ಬರೆದಿದ್ದರು.

ನಾನು ಆ ಕಾಗದವನ್ನು ಹಿಡಿದುಕೊಂಡು ಎಂಜಿನ್ ಮೇಸ್ತ್ರಿಯ ಹತ್ತಿರ ಹೋದೆ. ಯಾರಿಗಾದರೂ ತೋರಿಸಬೇಕಿತ್ತು. ಆತ ಕೊಟ್ಟೂರಿನ ಹಳೆಯ ಸಾಬರ ಮನೆತನದವನು. ಮಿಷನ್ನಿನ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲಾಗಿದೆಯೆಂದು ಹೇಳುವಂಥವನು. ಹೆಣ್ಣುಮಕ್ಕಳೆಲ್ಲಾ ಚಾಚಾ ಅನ್ನುತ್ತಿದ್ದರು. ಆತ ಕಾಗದವನ್ನು ಓದಿಸಿಕೊಂಡು, ಕೈಯ ಗ್ರೀಸು ಒರೆಸುತ್ತಾ ಕೇಳಿದ: "ಸಾಹೇಬ್ರ, ಒಂದು ಮಾತು. ನಿಮ್ಮ ಬೋಗುಣಿ ಬರೂಕ್ಕಿಂತ ಮೊದಲು ವಾರಕ್ಕ ಒಟ್ಟು ಎಷ್ಟು ಡಬ್ಬ ಆಗ್ತಿದ್ದವು?"

ಹೇಳಿದೆ.

"ಈಗ?"

ಹೇಳಲು ಹೋಗಿ ನಿಂತೆ. ಈಗಲೂ ಅಷ್ಟೇ. ಒಂದು ಡಬ್ಬ ಹೆಚ್ಚಿಲ್ಲ, ಒಂದು ಡಬ್ಬ ಕಡಿಮೆಯಿಲ್ಲ. ಇಷ್ಟು ದಿನ ನಾನು ಯಾರು ಮೇಲೆ, ಯಾರು ಕೆಳಗೆ ಎಂದು ನೋಡುವುದರಲ್ಲೇ ಇದ್ದೆ. ಒಟ್ಟನ್ನು ನೋಡಿರಲೇ ಇಲ್ಲ. ಬಿ.ಕಾಂ. ಮಾಡಿದವನು!

"ಮಧ್ಯಾಹ್ನ ಅವರು ಬುತ್ತಿ ಬಿಚ್ಚೋ ಹೊತ್ತಿಗೆ ಈ ಕಿಡಕಿ ಹತ್ರ ಬರ್ರಿ. ಉಸಿರು ಬಿಡಬ್ಯಾಡ್ರಿ" ಅಂದ ಮೇಸ್ತ್ರಿ.

ಹೋದೆ. ಒಳಗೆ ಊಟ ಮುಗಿದಿತ್ತು. ಒಂದನೇ ನಂಬರು ಸಾಲಿಟ್ಟ ಡಬ್ಬಗಳ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಈ ಡಬ್ಬದಿಂದ ನಾಲ್ಕು ಬೊಗಸೆ ತೆಗೆದು ಆ ಡಬ್ಬಕ್ಕೆ, ಆ ಡಬ್ಬದಿಂದ ಎರಡು ಬೊಗಸೆ ಈ ಡಬ್ಬಕ್ಕೆ ಸುರಿಯುತ್ತಿದ್ದಳು. ಮದುವೆ ಮನೆಯಲ್ಲಿ ಬಡಿಸುವವಳ ಹಾಗೆ ಒಂದಿಷ್ಟೂ ಅಳುಕಿರಲಿಲ್ಲ. ಅಷ್ಟರಲ್ಲಿ ಇಬ್ಬರಿಗೆ ಜಗಳ ಹತ್ತಿತು.

"ಈ ವಾರ ಕಡೀಕ್ ಬರೂದು ನನ್ನ ಪಾಳಿ!"

"ಹೋದ ತಿಂಗಳ ಬಂದೀ ಅಲ್ಲಲೇ, ಎಷ್ಟು ಸಲ ಬರ್ತಿ?"

"ಹೋದ ತಿಂಗಳ ಬಂದಾಕಿ ಈಕಿ. ನನಗ ಒಮ್ಮಿನೂ ಕಡೀಕ್ ಬರಾಕ ಬಿಟ್ಟಿಲ್ಲ ನೀವು!"

ಕಡೆಗೆ ಬರಲು ಜಗಳ ಮಾಡುವವರ ಬಗ್ಗೆ ದಾವಣಗೆರೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ನಾನು ಬೆಪ್ಪುತಕ್ಕಡಿಯಂತೆ ಕಿಟಕಿಯಲ್ಲಿ ನಿಂತೇ ಇದ್ದೆ. ಒಂದನೇ ನಂಬರು ತಿರುಗಿ ನೋಡಿದಳು.

"ಕಿಡಕ್ಯಾಗ ಯಾಕ ನಿಂತೀರಿ ಸಾಹೇಬ್ರ? ಒಳಗ ಬರ್ರಿ" ಅಂದಳು.

ಸಿಟ್ಟು ನೆತ್ತಿಗೇರಿತ್ತು. ಮೋಸ, ದಗಲಬಾಜಿ, ಎಲ್ಲರನ್ನೂ ಬಿಡಿಸಿಬಿಡುತ್ತೇನೆ ಎಂದು ಕೂಗಾಡಿದೆ. ನನ್ನದೂ ಮುಗಿಯುವವರೆಗೆ ಅವರು ಎಲೆಅಡಿಕೆ ಹಾಕಿಕೊಂಡರು. ಆಮೇಲೆ ಒಂದನೇ ನಂಬರು ಹೇಳಿದಳು: "ಇದು ಮೋಸ ಅಲ್ರಿ, ಮುಯ್ಯಿ. ಹೊಲದಾಗ ಇವತ್ತು ನಮಗ ನೀವು ಆಳು ಬಂದ್ರ ನಾಳೆ ನಿಮಗ ನಾವು ಆಳು ಹೋಗಂಗಿಲ್ಲೇನ್ರಿ, ಹಂಗ. ನನ್ನ ಬಾಣಂತನಕ್ಕ ಮೊದಲಿನ ಎರಡು ತಿಂಗಳು ನನ್ನ ಡಬ್ಬ ತುಂಬಿದಾಕಿ ಆ ಮುದುಕಿ. ಈಕಿಗೆ ಜ್ವರಾ ಬಂದಾಗ ಈಕೀದೂ ತುಂಬ್ಯಾಳ. ಇಲ್ಲಿ ಕುಂತಾರ ನೋಡ್ರಿ, ಆಕಿ ಕೈ ಬೀಳದ ಡಬ್ಬ ಒಂದೂ ಇಲ್ಲ. ಈಗ ಆಕಿ ಕಣ್ಣು ಹೋಗ್ಯಾವ. ನಾವು ತೀರಸಾಕತ್ತೀವಿ."

"ಮೊದಲ ಎರಡು ವಾರ ಯಾಕ ಕಡೀಕ್ ಬಂದ್ಲು ಮತ್ತ?"

ಆಕೆ ಮೊದಲ ಸಲ ತಲೆ ತಗ್ಗಿಸಿದಳು. "ನಿಮ್ಮ ಬೋಗುಣಿ ಆಸೀಗೆ ಬಿದ್ವಿ. ಎರಡು ವಾರ ನಮಗ ಹುಚ್ಚು ಹಿಡದಿತ್ತು. ಆಕಿಗೆ ಒಂದು ಬೊಗಸಿ ಹಾಕ್ಲಿಲ್ಲ. ಆಮ್ಯಾಲ ನಾಚಿಕಿ ಬಂತು."

ಆ ಮಾತಿಗೆ ನನ್ನ ಸಿಟ್ಟೆಲ್ಲಾ ಜರ್ರನೆ ಇಳಿಯಿತು. ನನ್ನ ಯೋಜನೆ ಕೆಲಸ ಮಾಡಿದ್ದು ಆ ಎರಡು ವಾರ ಮಾತ್ರ. ಮಾಡಿದ ಕೆಲಸ ಅದು.

"ಬೋಗುಣಿ ಎಲ್ಲಾ ಎಲ್ಲಿ ಅದಾವ?" ಅಂದೆ, ಕೇಳಲು ಬೇರೇನೂ ತೋಚದೆ.

"ಏಳನೇ ನಂಬರಿನಾಕಿ ಮಗಳ ಲಗ್ನಕ್ಕ ಎತ್ತಿಟ್ಟೀವ್ರಿ. ಎಲ್ಲಾ ಒಂದ ಅಳತಿ ತಂದೀರಿ, ಒಂದರಾಗ ಒಂದು ಕುಂದ್ರಂಗಿಲ್ಲ. ಇನ್ನ ಮುಂದ ಸಣ್ಣವು, ದೊಡ್ಡವು ನೋಡಿ ತರ್ರಿ" ಅಂದಳು.

ಶನಿವಾರ ಬಂದೇ ಬಂತು. ಉಪನ್ಯಾಸಕರಿಗೂ ಅವರ ಜೊತೆ ಬಂದವರಿಗೂ ಸಾವ್ಕಾರರು ಹಡಗಲಿ ಮಲ್ಲಿಗೆಯ ಹಾರ ತರಿಸಿದ್ದರು. ಮಿಷನ್ನು ಶೇಂಗಾ ಹೇಗೆ ಒಡೆಯುತ್ತದೆಂದು ತೋರಿಸಲು ಮೇಸ್ತ್ರಿ ಅದನ್ನು ಶುರು ಮಾಡಿದ್ದ. ಶೆಡ್ಡೆಲ್ಲಾ ಗಡಗಡ. ಆ ಗದ್ದಲದಲ್ಲೇ ಉಪನ್ಯಾಸಕರು ಬಾಗಿಲಲ್ಲಿ ನಿಂತು ನನ್ನ ಕಿವಿಗೆ ಬಾಯಿಟ್ಟು ಹೇಳಿದರು: "ಅರ್ಧ ಗಂಟೆಯ ಒಂದು ಪರೀಕ್ಷೆ ನಡೆಸೋಣ. ಎಲ್ಲರೂ ಒಂದೊಂದು ಮಾರು ಅಂತರದಲ್ಲಿ ಕೂರಲಿ, ಫೋಟೋಕ್ಕೂ ಚೆನ್ನಾಗಿರುತ್ತದೆ. ಡಬ್ಬಗಳನ್ನು ನಮ್ಮವರೇ ಎತ್ತಿ ತರುತ್ತಾರೆ."

ಒಂದೊಂದು ಮಾರು ದೂರ ಕೂತರೆ ಮುಯ್ಯಿ ಎಲ್ಲಿಂದ ಬರಬೇಕು? ಒಂದನೇ ನಂಬರಿನ ಮುಖ ನೋಡಿದೆ. ಆಕೆ ನನ್ನ ಮುಖ ನೋಡಿದಳು. ಅದು ಸಾಲದೆಂದು ಸಾವ್ಕಾರರಿಗೆ ಪರವೂರಿನವರ ಮುಂದೆ ಠೇಂಕಾರ ತೋರಿಸುವ ಚಟ. "ನಮ್ಮಲ್ಲಿ ರೂಲು ಅಂದ್ರ ರೂಲು. ಇವತ್ತು ಕಡೀಕ್ ಬಂದಾಕಿನ್ನ ಇವತ್ತ ಬಿಡಸ್ತೀನಿ. ನಿಮ್ಮ ಮುಂದ!" ಎಂದು ಸಾರಿಬಿಟ್ಟರು.

ನನ್ನ ಬಾಯಿಗೆ ಬಂದದ್ದು ಒಂದೇ: "ನಾನೂ ಕುಂದ್ರತೀನಿ."

"ನೀನಾ?" ಅಂದರು ಸಾವ್ಕಾರರು.

"ಅದ್ಭುತ!" ಅಂದರು ಉಪನ್ಯಾಸಕರು. "ನಾಯಕನೇ ಆಳಿನ ಜೊತೆ ಕೂರುವುದು! ಅದಕ್ಕೂ ಒಂದು ಸಿದ್ಧಾಂತವಿದೆ."

ನನ್ನ ಲೆಕ್ಕಾಚಾರ ಸರಳವಾಗಿತ್ತು. ನಾನು ಬೇಕೆಂದೇ ನಿಧಾನ ಮಾಡಿ ಕಡೆಗೆ ಬರುವುದು, ಮುದುಕಿ ಉಳಿಯುವುದು. ಮ್ಯಾನೇಜರನ್ನು ಬಿಡಿಸುವುದುಂಟೆ, ಎಲ್ಲರೂ ನಕ್ಕು ಮುಗಿಸುತ್ತಾರೆ. ನನ್ನ ತ್ಯಾಗಕ್ಕೆ ನನಗೇ ಮೈ ಜುಮ್ಮೆಂದಿತು. ಚಪ್ಪಲಿ ಬಿಟ್ಟು, ಧೂಳಿಗೆಂದು ತಲೆಯ ಮೇಲೆ ಟವೆಲು ಹೊದ್ದುಕೊಂಡು, ಮುದುಕಿಯ ಪಕ್ಕದಲ್ಲಿ ಹೋಗಿ ಕೂತೆ. ನಮ್ಮಿಬ್ಬರದು ಸಾಲಿನ ತುದಿ. ಬಾಗಿಲ ಮೂಲೆಯಲ್ಲಿ ಜಾಗ ಸಾಲದೆ ಒಂದು ಮಾರಿನ ಅಂತರ ಮೊಳಕ್ಕೆ ಇಳಿದಿತ್ತು. ಮೇಸ್ತ್ರಿ ಮಿಷನ್ನು ನಿಲ್ಲಿಸಿದ. ಉಪನ್ಯಾಸಕರು ಗಡಿಯಾರ ನೋಡಿ ಕೈ ಇಳಿಸಿದರು.

ನಿಧಾನ ಮಾಡುವ ಅಗತ್ಯವೇ ಬೀಳಲಿಲ್ಲ. ಮೊದಲನೇ ಸಲ ಕೇರಿದಾಗಲೇ ಅರ್ಧ ಬೀಜ ನನ್ನ ತೊಡೆಯ ಮೇಲೆ ಸುರಿಯಿತು. ಒಳ್ಳೆಯದು, ಕೆಟ್ಟದ್ದು ಎಂದು ಒಂದೊಂದನ್ನೇ ಎತ್ತಿ ನೋಡಿ ಆರಿಸುವಷ್ಟರಲ್ಲಿ ಆಚೆಯವರು ಬೊಗಸೆ ಬೊಗಸೆ ಸುರಿಯುತ್ತಿದ್ದರು. ಹತ್ತು ನಿಮಿಷಕ್ಕೆ ಬೆನ್ನು ನೋವು, ಉಗುರಲ್ಲೆಲ್ಲಾ ಸಿಪ್ಪೆ. ಇದನ್ನು ದಿನವಿಡೀ ಮಾಡುವವರಿಗೆ ನಾನು ಹುರುಪು ತುಂಬಲು ಹೋಗಿದ್ದೆನಲ್ಲಾ ಎಂದು ಮೊದಲ ಸಲ ಅನ್ನಿಸಿತು. ಆದರೂ ನನ್ನ ಡಬ್ಬ ನೋಡ ನೋಡುತ್ತಲೇ ಏರುತ್ತಿತ್ತು. ಕೈ ಕುದುರಿತೇನೋ ಅಂದುಕೊಂಡೆ. ಇಂಥ ಕಡೆಯಲ್ಲೂ ನನಗೆ ನನ್ನ ಮೇಲೆ ಅಭಿಮಾನ ಬಿಡಲಿಲ್ಲ.

ಆಗ ಕೆಳಗಿನಿಂದ ಒಂದು ಸುಕ್ಕುಗಟ್ಟಿದ ಕೈ ಬಂದು ನನ್ನ ಡಬ್ಬಕ್ಕೆ ಒಂದು ಬೊಗಸೆ ಬೀಜ ಹಾಕಿ ಹೋಯಿತು.

"ಹೊಸಬಾಕಿ ಏನವ್ವಾ?" ಅಂದಳು ಮುದುಕಿ, ಪಿಸುಮಾತಿನಲ್ಲಿ. "ನಮ್ಮವರೆಲ್ಲಾರ ಮೊರದ ಸದ್ದು ನನಗ ಗೊತ್ತೈತಿ. ನಿಂದು ಯಾವುದೂ ಅಲ್ಲ. ಕೈ ಓಡವಲ್ದು ಪಾಪ. ಸಾವ್ಕಾರ ಏನೇನೋ ಒದರಾಕತ್ತ್ಯಾನ, ಕಡೀಕ್ ಬಂದ್ರ ಬಿಡಸ್ತಾನಂತ. ನೀ ಅಂಜಬ್ಯಾಡ."

ಮಾತಾಡಿದರೆ ನನ್ನ ಗಂಡು ದನಿಗೆ ಎಲ್ಲಾ ಬಯಲಾಗುತ್ತದೆ. ಎದುರಿಗೇ ಸಾವ್ಕಾರರು, ಗಡಿಯಾರ, ಕ್ಯಾಮೆರಾ. ಮೆಲ್ಲಗೆ ಒಂದು ಬೊಗಸೆ ಬೀಜವನ್ನು ತಿರುಗಿ ಆಕೆಯ ಡಬ್ಬಕ್ಕೆ ಹಾಕಲು ಹೋದೆ. ಆಕೆ ನನ್ನ ಕೈಗೆ ಪಟ್ಟನೆ ಏಟು ಕೊಟ್ಟಳು. "ಸುಮ್ನ ಕೂಡು. ನೋಡ್ಯಾನು." ಮತ್ತೆ ಹಾಕಲು ಹೋದೆ, ಮತ್ತೆ ಏಟು. ಅರ್ಧ ಗಂಟೆ ಮುಗಿಯುವವರೆಗೆ ನಾವಿಬ್ಬರೂ ಹೀಗೆ ಕದ್ದು ಕದ್ದು ಒಬ್ಬರ ಡಬ್ಬಕ್ಕೆ ಒಬ್ಬರು ತುಂಬುವ ಜಗಳ ಆಡಿದೆವು. ನನಗಿಂತ ಆಕೆಯ ಕೈ ಚುರುಕಾಗಿತ್ತು. ಗೆದ್ದವಳು ಆಕೆಯೇ.

ಡಬ್ಬಗಳನ್ನು ಎತ್ತಿ ಒಯ್ದು ಶೆಡ್ಡಿನ ಆ ತುದಿಯಲ್ಲಿ ಸಾಲಾಗಿ ಇಟ್ಟರು. ಉಪನ್ಯಾಸಕರು ಅಳತೆ ಕೋಲು ಇಳಿಸಿ ನೋಡುತ್ತಾ ಹೋದರು. ನನ್ನ ಡಬ್ಬದಲ್ಲಿ ಮೂರು ಬೆರಳು ಬೀಜವಿತ್ತು. ಎಲ್ಲದಕ್ಕಿಂತ ಕೆಳಗಿದ್ದದ್ದು ಹದಿನಾರನೇ ನಂಬರಿನದು, ತಳ ಮುಚ್ಚುವಷ್ಟು ಮಾತ್ರ.

ಸಾವ್ಕಾರರು ಆಡಿದ ಮಾತಿಗೆ ಸಿಕ್ಕಿಕೊಂಡಿದ್ದರು. ಗಂಟಲು ಸರಿ ಮಾಡಿಕೊಂಡು ಬಾಯಿ ತೆರೆದರು. ಅಷ್ಟರಲ್ಲಿ ನಾನು ಎದ್ದು, ಡಬ್ಬಗಳ ಹತ್ತಿರ ಹೋಗಿ, ಮುದುಕಿಗೆ ಕೇಳದಂತೆ ದನಿ ತಗ್ಗಿಸಿದೆ. ಟವೆಲು ತಲೆಯ ಮೇಲೇ ಇತ್ತು.

"ನನ್ನ ಡಬ್ಬದಾಗ ಇರೋದು ಆಕಿ ಬೀಜ. ಆಕೀನ ಹಾಕ್ಯಾಳ. ನನ್ನ ಕೈಲಿ ಆಗಿದ್ದು ಒಂದು ಬೊಗಸಿನೂ ಇಲ್ಲ. ಕಡೀಕ್ ಬಂದಾಂವ ನಾನು. ನಾನು ಬರ್ದು ಕಳಿಸಿದ ನಕ್ಷೆ ಎಲ್ಲಾ ಸುಳ್ಳು, ಸಾರ್. ಇಲ್ಲಿ ಯಾರಿಗೂ ನಾ ಹುರುಪು ತುಂಬಿಲ್ಲ. ಬಿಡಸೋದಾದ್ರ ನನ್ನ ಬಿಡಸ್ರಿ."

ಉಪನ್ಯಾಸಕರು ಬರೆದುಕೊಳ್ಳುವುದನ್ನು ನಿಲ್ಲಿಸಿದರು. ಸಾವ್ಕಾರರು ನನ್ನನ್ನು ಬಿಟ್ಟು ನೇರ ಮುದುಕಿಯ ಮುಂದೆ ಹೋಗಿ ನಿಂತರು. "ಯಾಕವ್ವಾ, ನಿನ್ನ ಬೀಜ ಇನ್ನೊಬ್ಬರಿಗೆ ಹಾಕಿದ್ಯಾ?"

"ಹೊಸಬಾಕಿಗೆ ಹಾಕೀನ್ರಿ ಸಾವ್ಕಾರ್ರ" ಅಂದಳು ಮುದುಕಿ, ದನಿ ಬಂದ ಕಡೆಗೆ ಮುಖ ಎತ್ತಿ. "ಏನೂ ಬರಂಗಿಲ್ಲ ಆಕಿಗೆ. ಆದ್ರೂ ಬಿಡಸಬ್ಯಾಡ್ರಿ. ನಾ ಕಲಸ್ತೀನಿ."

ಮೊದಲು ಮೇಸ್ತ್ರಿ ನಕ್ಕ. ಆಮೇಲೆ ಹದಿನೈದು ಮಂದಿಯೂ ಸೆರಗು ಬಾಯಿಗೆ ತುರುಕಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗತೊಡಗಿದರು. ಹಗರಿಬೊಮ್ಮನಹಳ್ಳಿಯ ಗಿರಣಿಯವನು ಗೋಡೆಗೆ ಒರಗಿಬಿಟ್ಟ. ನನಗೆ ಮಾತ್ರ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಎಲ್ಲರ ಮುಂದೆಯೇ ಅತ್ತೆ.

ಒಂದನೇ ನಂಬರು ಬಗ್ಗಿ ಮುದುಕಿಯ ಕಿವಿಯಲ್ಲಿ, "ಯವ್ವಾ, ಅದು ಹೊಸಬಾಕಿ ಅಲ್ಲ. ನಮ್ಮ ಮ್ಯಾನೇಜರ್ ಸಾಹೇಬ್ರು" ಅಂದಳು.

ಮುದುಕಿಗೆ ಗಾಬರಿಯಾಯಿತು. ತಾನು ಏಟು ಕೊಟ್ಟ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಆಮೇಲೆ ಮತ್ತೆ ಸಾವ್ಕಾರರ ಕಡೆಗೆ ಮುಖ ಎತ್ತಿದಳು.

"ಹೌದೇನು? ಆದ್ರೂ ಬಿಡಸಬ್ಯಾಡ್ರಿ."

ಸಾವ್ಕಾರರು, "ಆತು. ಇಬ್ಬರೂ ಇರ್ರಿ" ಎಂದು, ಬೈಯುವುದನ್ನೂ ಮರೆತು ಹೊರಗೆ ಹೋದರು.